ಅಕ್ಕವ್ವನ ಪಾಲಿಗೆ ಬಂದ ಮೀನು

“ಮೀನಿನ ಬುಟ್ಟಿ ಖಾನಾಪುರದಾಗ ಇಳಿಸ್ಕೊಳ್ಳಾಕಿ ನಾನು. ಬಸ್ಸಿನ್ಯಾಗ ಖಾಸಬಾಗದ ಸಂತಿಗೆ ತರಾಕಿ ನಾನು. ಅಲ್ಲಿ ಗೋಣಿಚೀಲದ ಮ್ಯಾಲ ಸುರುವಿ, ಅಕ್ಕವ್ವಗ ಒಂದು ಬೊಗಸಿ, ನನಗೊಂದು ಬೊಗಸಿ ಅಂತ ಹಂಚ್ಕೋತೀವಿ. ಆವತ್ತು ಆಕಿ ಮೊಮ್ಮಗಳಿಗೆ ಜ್ವರ. ಲಗೂನ ಮಾರಿ ಮನಿಗೆ ಹೋಗ್ಲಿ ಅಂತ ಮೊದಲ್ನೇ ಬೊಗಸಿ ಬಿಟ್ಟುಕೊಟ್ಟೆ ನೋಡ್ರಿ, ಅದರಾಗ ಹೋತು ಆ ಮೀನ! ಬೆರಳುದ್ದ ಇಲ್ಲ, ಬಾಲಕ್ಕೊಂದು ಕರಿ ಚುಕ್ಕಿ. ಅಂಥಾವು ಎಷ್ಟು ಸಲ ಬೆಕ್ಕಿಗೆ ಒಗದೇನೋ ನಾನು!”

ಇದನ್ನು ಹೇಳುವಾಗ ಭರಮವ್ವನ ಎರಡೂ ಕೈ ಇಂದಿಗೂ ತಾವಾಗಿ ಬೊಗಸೆಯಾಗುತ್ತವೆ. ಇಪ್ಪತ್ತು ವರ್ಷ ಅಕ್ಕವ್ವನ ಪಕ್ಕದಲ್ಲೇ ಕುಳಿತು ಮೀನು ಮಾರಿದವಳು.

ಎರಡು ಸಾವಿರದ ಒಂದನೆಯ ಇಸವಿಯ ಮಾತು. ಬೆಳಗಾವಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ತ್ರಿವೇಣಿ ಮೇಡಂ ಅಕ್ಕವ್ವನ ಪಾಲಿನಲ್ಲಿ ಆ ಮೀನು ಕಂಡು, ಬಾಟಲಿಯಲ್ಲಿ ಹಾಕಿ, ಚೀಟಿ ಅಂಟಿಸಿ, ಮೀನು ಕೊಟ್ಟವಳೆಂದು ಅವಳ ಹೆಸರು ಬರೆದರು. ಅಂದಿನಿಂದ ಅಕ್ಕವ್ವ ಬಂದ ಗಿರಾಕಿಗೆಲ್ಲ, “ನನ್ನ ಹೆಸರು ಕಾಲೇಜಿನ್ಯಾಗ ಐತ್ರೀ” ಎನ್ನತೊಡಗಿದಳು. ಅದನ್ನು ಕೇಳಿದಾಗಲೆಲ್ಲ ಭರಮವ್ವ ತನ್ನ ಪಾಲಿನ ಮೀನನ್ನು ದಡಬಡ ತಿರುವಿಹಾಕುತ್ತಿದ್ದಳು.

ಮುಂದಿನ ವಾರ ಮೇಡಂ ಮತ್ತೆ ಬಂದರು.

“ಅಕ್ಕವ್ವಾ, ಆ ಮೀನು ಯಾವ ಸಮುದ್ರ ದಂಡಿದ್ರಿ?”

“ಗೋವಾದ್ದರೀ,” ಎಂದಳು ಅಕ್ಕವ್ವ, ಹಿಂದುಮುಂದು ನೋಡದೆ.

ಮೇಡಂ ಮುಖ ಸಪ್ಪಗಾಯಿತು. “ಗೋವಾದಾಗ ಇದು ಸಿಗೂದು ಮೊದಲೇ ಗೊತ್ತೈತ್ರಿ, ಹಂಗಾದ್ರ ಬಾಟಲಿ ಇಟ್ಟು ಉಪಯೋಗಿಲ್ಲ. ನಮ್ಮ ಕಾರವಾರದಾಗ ಸಿಕ್ಕಿದ್ರ ಹೊಸದು, ಬರದಿಡತಿದ್ದೆ.”

ಭರಮವ್ವನ ಹೊಟ್ಟೆ ತಣ್ಣಗಾಯಿತು. ಸುಮ್ಮನಿದ್ದರೆ ಅಕ್ಕವ್ವನ ಹೆಸರು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾಲಿಗೆ ಕೇಳಬೇಕಲ್ಲ!

“ಗೋವಾದ್ದಂತ! ಗೋವಾದ ಮೀನು ಪ್ಲಾಸ್ಟಿಕ್ ಟ್ರೇನಾಗ ಬರ್ತಾವು. ಆವತ್ತಿಂದು ಬಿದಿರಿನ ಬುಟ್ಟಿ, ಬಾಯಿಗೆ ಹಸರು ಬಲಿ ಹೊಲದಿದ್ರು. ಕಾರವಾರದ ಗಾಡೀದು! ಯಾವ ದಂಡಿದು ಅನ್ನೂದು ಗೊತ್ತಿಲ್ಲ, ಇಕಿದೊಂದು ಕಾಲೇಜಿನ್ಯಾಗ ಹೆಸರು!”

ಅಕ್ಕವ್ವ ತಲೆ ತಗ್ಗಿಸಿದಳು. ಮೇಡಂ ಮಾತ್ರ ಕೆಳಗೆ ಕುಕ್ಕರಗಾಲಲ್ಲಿ ಕುಳಿತೇಬಿಟ್ಟರು. “ಖರೇನ್ರಿ? ಆ ಬುಟ್ಟಿ ಎಲ್ಲೈತಿ?”

ಭರಮವ್ವ ಅದನ್ನೇ ಬೋರಲು ಹಾಕಿ ಅದರ ಮೇಲೆ ಕುಳಿತಿದ್ದಳು. ಏಳಲು ಮನಸ್ಸಿಲ್ಲದೆ ಎದ್ದಳು. ಬುಟ್ಟಿಯ ಅಂಚಿಗೆ ಹಸಿರು ಬಲೆ, ಜೊತೆಗೆ ಕಾರವಾರದ ದೋಣಿಯವರ ತಗಡಿನ ಬಿಲ್ಲೆ ಇನ್ನೂ ನೇತಾಡುತ್ತಿತ್ತು. ಮೇಡಂ ಎಲ್ಲ ಬರೆದುಕೊಂಡರು. ಚೀಟಿಯ ಮೇಲೆ ಕಾರವಾರ ಸೇರಿತು. ಹೆಸರು ಅಕ್ಕವ್ವನದೇ ಉಳಿಯಿತು.

“ನೀ ಇರಲಿಲ್ಲಂದ್ರ ನನ್ನ ಹೆಸರು ಹೋಗಿತ್ತಲ್ಲ ಭರಮಕ್ಕಾ!”

“ಬಾಯಿ ಮುಚ್ಚಿ ಮೀನಿಗೆ ನೀರು ಚಿಮಕಿಸು.”

ಮರುದಿನ ಮುಂಜಾನೆ ಭರಮವ್ವ ಬುಟ್ಟಿ ಸುರುವಿದವಳೇ, “ಮೊದಲ್ನೇ ಬೊಗಸಿ ನಂದು,” ಎಂದಳು. ಒಂದೊಂದರ ಬಾಲವನ್ನೂ ತಿರುವಿ ನೋಡಿ ತುಂಬಿಕೊಂಡಳು. ಆಮೇಲೆ ಅಕ್ಕವ್ವನಿಗೊಂದು ಬೊಗಸೆ, ತನಗೊಂದು ಬೊಗಸೆ, ಗೋಣಿಚೀಲ ಬರಿದಾಗುವವರೆಗೆ ಹಂಚಿದಳು.