ಮುಂಜಾನೆಯ ಕಿವಿ

ಪೇಟಿ ಕಾಕಾನ ಬಲಗೈ ಹೆಬ್ಬೆರಳಿನ ಉಗುರಿನಡಿ ಹಿತ್ತಾಳೆಯ ಪುಡಿ ಸೇರಿಕೊಂಡು ಸಣ್ಣ ಗೆರೆಯಾಗಿ ಹೊಳೆಯುತ್ತಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಹಾರ್ಮೋನಿಯಮ್ಮಿನೊಳಗೆ ಸ್ವರ ಹುಟ್ಟಿಸುವ ಹಿತ್ತಾಳೆಯ ರೀಡುಗಳನ್ನು ಕೆರೆದು ಶ್ರುತಿ ಮಾಡುವುದು ಅವರ ಕೆಲಸ. ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಇದನ್ನು ನಾನು ಗುಣಾಕಾರ ಕಲಿಯುವ ಮೊದಲೇ ಅವರಿಂದ ಕಲಿತಿದ್ದೆ.

ಮರಾಠಿ ಸೀಮೆಯ ಹಡಪಸರದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಧಾರವಾಡದ ಕಡೆಯವರು. ನಮ್ಮಲ್ಲಿ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುವುದರಿಂದ ಅವರು ನನಗೆ ಪೇಟಿ ಕಾಕಾ. ಶಾಲೆ ಬಿಟ್ಟ ಮೇಲೆ ಅಲ್ಲಿಯ ಸ್ಟೂಲಿನ ಮೇಲೆ ಕುಳಿತು ಓದುತ್ತಿದ್ದೆ. ಯಾಕೆ ಮಾತಾಡುವುದಿಲ್ಲ ಎಂದು ಯಾರೂ ನನ್ನನ್ನು ಕೇಳದ ಜಾಗ ಅದೊಂದೇ.

ಅವರದೊಂದು ಕಟ್ಟುನಿಟ್ಟು ಇತ್ತು. ಶ್ರುತಿ ಮಾಡಿದ ಪೇಟಿಯನ್ನು ಆ ದಿನವೇ ಕೊಡುತ್ತಿರಲಿಲ್ಲ. ಮರುದಿನ ಬಾಗಿಲು ತೆಗೆದೊಡನೆ, ಬೇರೇನನ್ನೂ ಮುಟ್ಟದೆ, ಸಾ ಹಿಡಿದು ಹಾಡುತ್ತ ನುಡಿಸಿ ನೋಡಬೇಕು, ಆಮೇಲೆಯೇ ಗಿರಾಕಿಗೆ. "ಸಂಜಿ ಕಿವಿ ದಣದಿರತದ, ತಂಗಿ. ಕೆಲಸ ಮುಗದ್ರ ಸಾಕು ಅಂತಿರತದ. ಅದು ಎಲ್ಲಾದಕ್ಕೂ ಹೂಂ ಅಂತದ."

ಒಮ್ಮೆ ಕಲಬುರಗಿ ಕಡೆಯಿಂದ ಜೇಜುರಿಯ ಜಾತ್ರೆಗೆ ಹೊರಟಿದ್ದ ಭಜನಾ ಮೇಳದವರು ಬಾಗಿಲಲ್ಲಿ ನಿಂತು ಅವಸರ ಮಾಡಿದರು. "ಟೆಂಪೋ ನಿಂತದರೀ ಕಾಕಾ, ಇವತ್ತ ಕೊಟ್ಟಬಿಡ್ರಿ!"

"ಹಂಗಿದ್ರ ತಾಳಾ ಬಾರಿಸ್ಕೋತ ಹೋಗ್ರಿ. ಪೇಟಿ ನಾಳೆ."

ಬೈದುಕೊಂಡರು, ಆದರೆ ಉಳಿದರು.

ಹೋದ ಮಳೆಗಾಲದಲ್ಲಿ ಕಾಕಾ ತೀರಿಕೊಂಡಾಗ ಅಂಗಡಿಯಲ್ಲಿ ಒಂದು ಪೇಟಿ ಹಾಗೆ ಬೆಳಗಿಗಾಗಿ ಕಾಯುತ್ತಿತ್ತು. ಕ್ರಿಯೆಗಳೆಲ್ಲ ಮುಗಿದ ಮೇಲೆ ಅವರ ಮಗಳು ಒಂದು ಬೆಳಿಗ್ಗೆ ಅದನ್ನು ನುಡಿಸಿ ನೋಡಿಯೇ ಗಿರಾಕಿಗೆ ಕೊಟ್ಟಳು. ಆ ಸುದ್ದಿ ಕೇಳಿದಾಗ ನನಗೆ ಎರಡು ವರ್ಷದ ಹಿಂದಿನ ಒಂದು ಸಂಜೆ ನೆನಪಾಯಿತು.

ಮರುದಿನ ಹನ್ನೊಂದು ಗಂಟೆಗೆ ನನ್ನ ಎಂ.ಟೆಕ್ ಪ್ರಬಂಧ ಸಲ್ಲಿಸಬೇಕಿತ್ತು. ಮೊದಲೇ ಮುದ್ರಿಸಿಟ್ಟ ನಾದವನ್ನಲ್ಲ, ಕೇಳುತ್ತಿರುವ ಕ್ಷಣದಲ್ಲೇ ನಾದವನ್ನು ಹುಟ್ಟಿಸಲು ಯಾವ ಪ್ರೋಗ್ರಾಮಿಂಗ್ ಭಾಷೆ ಸೂಕ್ತ ಎಂಬುದು ವಿಷಯ. ಒಂದೇ ತಂಬೂರಿಯ ನಾದವನ್ನು ಸಿ ಪ್ಲಸ್ ಪ್ಲಸ್, ರಸ್ಟ್, ಪೈಥಾನ್ ಮೂರರಲ್ಲೂ ಬರೆದಿದ್ದೆ. ಕಂಪ್ಯೂಟರಿನ ಲೆಕ್ಕ ತಡವಾದರೆ ಸ್ಪೀಕರಿಗೆ ಕೊಡಲು ಏನೂ ಇರುವುದಿಲ್ಲ, ನಾದ ತುಂಡಾಗುತ್ತದೆ. ಆದ್ದರಿಂದ ಮೂರರ ತಡವನ್ನೂ ಅಳೆದಿದ್ದೆ. ಪೈಥಾನ್ ಬರೆಯಲು ಸುಲಭ, ಅದರ ಸರಾಸರಿ ತಡವೂ ಮಿತಿಯೊಳಗೆ. ಹಾಗಾಗಿ ಈ ಕೆಲಸಕ್ಕೆ ಪೈಥಾನ್ ಸಾಕು ಎಂದು ತೀರ್ಮಾನಿಸಿ, ಪ್ರಬಂಧಕ್ಕೆ ರಟ್ಟು ಕೂಡ ಹಾಕಿಸಿದ್ದೆ. ನಿಜ ಹೇಳಬೇಕೆಂದರೆ, ಕಾಕಾನ ಹತ್ತಿರ ಹೋದದ್ದು ಶಹಬ್ಬಾಸ್ ಅನ್ನಿಸಿಕೊಳ್ಳಲು.

ಮೂರು ಭಾಷೆಗಳ ಹೆಸರು ಹೇಳಿದಾಗ ಕಾಕಾ, "ನನಗ ಬರೋವು ಎರಡ ಭಾಷಾ," ಎಂದರು. "ಗಿರಾಕಿಗೆ ಮರಾಠಿ, ನಿನಗ ಕನ್ನಡ. ಯಾವುದು ಯಾವುದಂತ ಹೇಳಬ್ಯಾಡ, ಬರೇ ಕೇಳಸು."

ಎರಡು ನಿಮಿಷಕ್ಕೆ ಮೊದಲನೆಯದನ್ನು ನಿಲ್ಲಿಸಹೋದೆ. ಕೈ ಹಿಡಿದರು. "ಎರಡ ಮಿನಿಟಿಗೆ ಏನ ತಿಳೀತದ? ಹಾಡೋರು ಎರಡ ಮಿನಿಟಿಗೆ ಎದ್ದ ಹೋಗ್ತಾರೇನು? ಕುಂದ್ರು."

ಒಂದೊಂದಕ್ಕೂ ಒಂದೊಂದು ಚಹಾ ಆಯಿತು. ಕಣ್ಣು ಮುಚ್ಚಿ ಸಣ್ಣ ದನಿಯಲ್ಲಿ ಸಾ ಹಿಡಿದಿದ್ದರು. ಮೂರನೆಯದು, ಪೈಥಾನಿನದು, ನಡೆಯುತ್ತಿದ್ದಾಗ ಅವರ ದನಿ ತಟ್ಟನೆ ನಿಂತಿತು.

"ಇದು ನಡುವ ನುಂಗತದಲ್ಲ?"

"ಇಲ್ಲರೀ ಕಾಕಾ. ಅಳದೀನಿ. ಸರಾಸರಿ ಬರೋಬ್ಬರಿ ಅದ."

"ಸರಾಸರಿ ತಗೊಂಡು ಹಾಡೋರು ಏನ ಮಾಡ್ಬೇಕು, ತಂಗಿ? ತಾಸಗಟ್ಟಲೆ ಛಂದ ನುಡದು, ಸಾ ಸ್ವರಕ್ಕ ಬಂದು ನಿಲ್ಲೋ ಹೊತ್ನ್ಯಾಗ ತಂಬೂರಿನ ಇಲ್ಲಂದ್ರ ಅವರು ಎಲ್ಲಿ ನಿಲ್ಲಬೇಕು?"

ನನಗೆ ಸಿಟ್ಟು ಬಂತು. ನನ್ನ ಕಿವಿಗೆ ಏನೂ ಬಿದ್ದಿರಲಿಲ್ಲ. ಮರುದಿನ ಸಲ್ಲಿಸದಿದ್ದರೆ ಒಂದು ಸೆಮಿಸ್ಟರ್ ಹೋಗುತ್ತದೆ, ಅದಕ್ಕೆ ಕಾದಿದ್ದ ನೌಕರಿಯೂ ಹೋಗಬಹುದು ಎಂದೆ. ಅವರು ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿ ನನ್ನ ಕೈಗಿತ್ತರು.

"ನನ್ನ ಮಾತ ನಂಬಬ್ಯಾಡ. ನಂದೂ ಸಂಜಿ ಕಿವಿನ. ಮುಂಜಾನೆ ನೀನ ಸಾ ಹಿಡದು ಕೇಳು."

ಮರುದಿನ ಬೆಳಿಗ್ಗೆ ಚಹಾಕ್ಕೂ ಮೊದಲು ಪೈಥಾನಿನ ತಂಬೂರಿಯನ್ನು ಹಚ್ಚಿ, ಅದುವರೆಗೆ ಮನೆಯಲ್ಲಿ ಯಾರಿಗೂ ಹಾಡಿ ಕೇಳಿಸದಿದ್ದ ನನ್ನ ದನಿಯಲ್ಲಿ ಸಾ ಹಿಡಿದು ಕುಳಿತೆ. ಅಮ್ಮ ಅಡುಗೆಮನೆಯಿಂದ ಇಣುಕಿ ನೋಡಿ ಒಳಗೆ ಹೋದಳು. ಬಹಳ ಹೊತ್ತು ಏನೂ ಆಗಲಿಲ್ಲ. ಕಾಕಾನಿಗೆ ವಯಸ್ಸಾಯಿತು ಅಂದುಕೊಳ್ಳುವಷ್ಟರಲ್ಲಿ ತಂಬೂರಿ ಇಲ್ಲವಾಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಆ ಗಳಿಗೆಯಲ್ಲಿ ಕೋಣೆಯಲ್ಲಿ ನನ್ನ ದನಿ ಒಂದೇ ಇತ್ತು.

ಮಾರ್ಗದರ್ಶಕರಿಗೆ ಫೋನ್ ಮಾಡಿದೆ. "ಸರ್, ನನ್ನ ತೀರ್ಮಾನ ತಪ್ಪಾಗಿದೆ. ಇವತ್ತು ಸಲ್ಲಿಸುವುದಿಲ್ಲ." ಆಮೇಲೆ ಕೋಷ್ಟಕವನ್ನು ತೆರೆದು, ಸರಾಸರಿಯ ಸಾಲನ್ನು ಅಳಿಸಿ, ಅಲ್ಲಿ 'ಅತಿ ಹೆಚ್ಚಿನ ತಡ' ಎಂದು ಬರೆದು, ಮೂರನ್ನೂ ಮೊದಲಿನಿಂದ ಅಳೆಯಲು ಕುಳಿತೆ.