ನಯನಾ ಇಳಿಸದ ವೇಗ

ನಮ್ಮ ಬಾಗಲೂರಿನಲ್ಲಿ ಯಾರ ಕಂಪ್ಯೂಟರ್ ಕುಂಟಿದರೂ ಮನೆಯವರು ಮೊದಲು ಹೊಸದನ್ನು ತರುವ ಮಾತಾಡುತ್ತಾರೆ. ಅಷ್ಟರಲ್ಲಿ ಯಾರೋ ಒಬ್ಬರು, "ಸುಮ್ನೆ ಯಾಕ್ ಗುರು, ಒಂದ್ಸಲ ನಯನಾ ಹತ್ರ ತಗೊಂಡೋಗು" ಅನ್ನುತ್ತಾರೆ. ಹೋದವರು ಹೊಸದನ್ನು ಮರೆತು, ಹಳೆಯದನ್ನೇ ಮಗುವಿನಂತೆ ಎತ್ತಿಕೊಂಡು ವಾಪಸು ಬರುತ್ತಾರೆ.

ನಯನಾ ದೊಡ್ಡಮುನಿಯಪ್ಪನವರ ಒಬ್ಬಳೇ ಮಗಳು. ಅವರ ದ್ರಾಕ್ಷಿ ತೋಟ ಇದ್ದ ಕಡೆ ಈಗ ಅವರದೇ ಕಟ್ಟಡ ನಿಂತಿದೆ. ಕೆಳಗಿನ ಸಾಲಿನಲ್ಲಿ ನಯನಾಳ ಅಂಗಡಿ, ಅದರ ಮೇಲೆ ನನ್ನ ಸ್ಟುಡಿಯೋ. ನಾನು ರಘುನಾಥ್, ಮದುವೆ ವಿಡಿಯೋ ಎಡಿಟ್ ಮಾಡುವವನು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನನ್ನ ಹೆಂಡತಿ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ಸುಳ್ಳೇನಲ್ಲ.

ಪ್ರೊಸೆಸರ್ ತಯಾರಿಸುವ ಕಂಪನಿ ಇಷ್ಟು ವೇಗ ಸಾಕು ಅಂತ ಒಂದು ಮಿತಿ ಇಟ್ಟು ಕಳಿಸುತ್ತದೆ. ಒಳಗೆ ಇನ್ನೂ ಸ್ವಲ್ಪ ದಮ್ಮು ಉಳಿದಿರುತ್ತದೆ. ಅದನ್ನು ಹೊರಗೆ ತರುವುದಕ್ಕೆ ಓವರ್‌ಕ್ಲಾಕಿಂಗ್ ಅನ್ನುತ್ತಾರೆ. ವೇಗ ಏರಿಸುವುದು ಯಾರಿಗಾದರೂ ಬರುತ್ತದೆ, ಏರಿಸಿದ್ದು ನಿಲ್ಲಬೇಕಲ್ಲ? ನಯನಾಳ ಕಸುಬುದಾರಿಕೆ ಇರುವುದೇ ಆ ನಿಲ್ಲಿಸುವುದರಲ್ಲಿ. ವೇಗವನ್ನು ಒಂದು ಎಳೆ ಏರಿಸಿ, ಭಾರದ ಕೆಲಸ ಕೊಟ್ಟು ಗಂಟೆಗಟ್ಟಲೆ ಓಡಿಸುತ್ತಾಳೆ. ಗಟ್ಟಿಯಾಗಿ ನಿಂತರೆ ಇನ್ನೊಂದು ಎಳೆ. ಮುಗ್ಗರಿಸಿದರೆ ಒಂದು ಹೆಜ್ಜೆ ಹಿಂದಕ್ಕೆ ಬಂದು, ವೋಲ್ಟೇಜನ್ನು ಚಿಟಿಕೆಯಷ್ಟು ಏರಿಸಿ ನೋಡುತ್ತಾಳೆ. "ವೋಲ್ಟೇಜ್ ಅಂದ್ರೆ ಸಾರಿಗೆ ಉಪ್ಪು ಹಾಕ್ದಂಗೆ ಕಣ್ರೀ. ಸಾಲ್ದಿದ್ರೆ ಆಮೇಲೂ ಹಾಕ್ಬೋದು, ಜಾಸ್ತಿ ಆದ್ರೆ ಸಾರೇ ಕೆಟ್ಟೋಯ್ತು" ಅನ್ನುತ್ತಾಳೆ.

ಕೊನೆಯ ಪರೀಕ್ಷೆ ಇನ್ನೂ ಕಠಿಣ. ಮಧ್ಯಾಹ್ನದ ಬಿಸಿಲಿನಲ್ಲಿ ಷಟರ್ ಅರ್ಧ ಇಳಿಸಿ, ಸೀಲಿಂಗ್ ಫ್ಯಾನ್ ಆರಿಸಿ, ಮೆಷಿನ್ನಿನ ಜೊತೆ ತಾನೂ ಬೆವರುತ್ತ ಕೂರುತ್ತಾಳೆ. ಎಸಿ ರೂಮಿನಲ್ಲಿ ಓಡಿದ್ದು ಓಟವೇ ಅಲ್ಲ ಅಂತ ಅವಳ ವಾದ. ಅದರಲ್ಲಿ ಪಾಸಾದ ಮೆಷಿನ್ನನ್ನು ಒಪ್ಪಿಸುವಾಗ ಒಂದೇ ಮಾತು: "ನಾನಿಟ್ಟ ಸ್ಪೀಡ್ ಇಳಿಸಂಗಿಲ್ಲ. ನಿಂತೋದ್ರೆ ಕಾರಣ ಬೇರೆ ಏನೋ ಇರತ್ತೆ, ಬಂದು ಹುಡುಕ್ತೀನಿ." ಇದನ್ನು ಜಂಬ ಅನ್ನುವವರಿದ್ದಾರೆ. ನಾನೂ ಅಂದಿದ್ದೇನೆ. ಆದರೆ ಅವಳು ಏರಿಸಿಕೊಟ್ಟ ನನ್ನ ಕಂಪ್ಯೂಟರ್ ಒಂದು ಬೇಸಿಗೆಯನ್ನು ಪೂರ್ತಿ ದಾಟಿತ್ತು.

ಮಗಳ ಈ ವಿದ್ಯೆಯ ಮೇಲೆ ದೊಡ್ಡಮುನಿಯಪ್ಪನವರಿಗೆ ಕಾಸಿನಷ್ಟೂ ನಂಬಿಕೆ ಇರಲಿಲ್ಲ. ರಸ್ತೆಗೆ ಕಾಣುವ ಅಂಗಡಿಯನ್ನು ಆಟಿಕೆಗೆ ಕೊಟ್ಟ ಹಾಗಾಯಿತು ಅಂತ ಅವರ ಕೊರಗು. ಬೇಕರಿ ಇಡಲು ಬಾಲರಾಜು ಅನ್ನುವವರು ಬೇರೆ ದಿನಾ ಬಂದು ಕೇಳುತ್ತಿದ್ದರು. ಹಾಗಾಗಿ ಅಂಗಡಿ ಶುರುವಾದ ದಿನವೇ ಎಲ್ಲರ ಎದುರಿಗೆ ಹೇಳಿಬಿಟ್ಟಿದ್ದರು: "ಒಬ್ಬ ಗಿರಾಕಿ ಬಂದು ಬಾಗ್ಲಲ್ಲಿ ಕೂಗಾಡಿದ್ ದಿನ ಷಟರ್ ಎಳೀತೀನಿ ಕಣವ್ವ. ಆಮ್ಯಾಲೆ ಅಲ್ಲಿ ಬೇಕರಿನೇ." ನಯನಾ ನಕ್ಕು, "ಆಯ್ತಪ್ಪ" ಅಂದಿದ್ದಳು.

ಈ ವರ್ಷದ ಆಯುಧಪೂಜೆಗೆ ದೊಡ್ಡಮುನಿಯಪ್ಪನವರು ಎಂದಿನಂತೆ ಮೊದಲು ಟ್ರ್ಯಾಕ್ಟರಿಗೆ ಪೂಜೆ ಮಾಡಿ, ಆಮೇಲೆ ಪ್ರತಿ ಅಂಗಡಿಗೂ ತಾವೇ ಬಂದು ಅಲ್ಲಿನ ಯಂತ್ರಕ್ಕೆ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ ಹೋದರು. ಅವರ ಮನೆತನದಲ್ಲಿ ಒಂದು ಕಟ್ಟಳೆ ಇದೆ. ಪೂಜೆಯ ಹೂವನ್ನು ಯಾರೂ ಕಿತ್ತು ಬಿಸಾಡಬಾರದು, ಒಣಗಿ ತಾನೇ ಬೀಳಬೇಕು. ಅವರ ಕಟ್ಟಡದಲ್ಲಿರುವ ನಾವೂ ಅದನ್ನು ಮೀರಿದವರಲ್ಲ.

ವಿಜಯದಶಮಿ ಕಳೆದ ಮರುದಿನ ಯಲಹಂಕದ ಛತ್ರವೊಂದರಲ್ಲಿ ಆರತಕ್ಷತೆ. ಹುಡುಗ ಹುಡುಗಿಯ ನಿಶ್ಚಿತಾರ್ಥದ ವಿಡಿಯೋವನ್ನು ಸಂಜೆ ಅಲ್ಲಿ ತೋರಿಸಬೇಕು. ಬೆಳಿಗ್ಗೆ ಎಡಿಟ್ ಮುಗಿಸಿ, ಎಲ್ಲವನ್ನೂ ಒಂದೇ ಫೈಲಾಗಿ ಹೊರತೆಗೆಯುವ ಕೊನೆಯ ಕೆಲಸಕ್ಕೆ ಹಾಕಿದೆ. ಅರ್ಧಕ್ಕೆ ಬಂದು ಕಂಪ್ಯೂಟರ್ ನಿಂತಿತು. ಮತ್ತೆ ಹಾಕಿದೆ, ಮತ್ತೆ ನಿಂತಿತು. ನನ್ನ ಪಿತ್ತ ನೆತ್ತಿಗೇರಿತು. ದಡದಡ ಮೆಟ್ಟಿಲಿಳಿದು ನಯನಾಳ ಬಾಗಿಲಲ್ಲಿ ನಿಂತು ಕೂಗಿದೆ: "ಏನಮ್ಮಾ, ಎಲ್ಲೋಯ್ತು ನಿನ್ ಗ್ಯಾರಂಟಿ? ನನ್ ಮಾನ ಹೋಗ್ತಿದೆ ಇಲ್ಲಿ!"

ಕೂಗಿ ಪಕ್ಕಕ್ಕೆ ತಿರುಗಿದರೆ ದೊಡ್ಡಮುನಿಯಪ್ಪನವರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಎದುರಿಗೆ ಟೀ ಹಿಡಿದ ಬಾಲರಾಜು. ಬಾಲರಾಜು ಅವರ ಮುಖ ಅರಳಿತು. ಯಜಮಾನರು ಮೆಲ್ಲಗೆ ಎದ್ದರು. ಅಂಗಡಿ ಶುರುವಾದ ದಿನ ಆಡಿದ ಮಾತನ್ನು ಅವರು ನುಂಗುವುದಕ್ಕಾಗುತ್ತದೆಯೇ? ನನ್ನ ನಾಲಿಗೆಯನ್ನು ನಾನೇ ಶಪಿಸಿಕೊಂಡೆ.

ನಯನಾ ಕೈಲಿದ್ದ ಕೆಲಸ ಬಿಟ್ಟು ಮೇಲೆ ಬಂದಳು. ಕಂಪ್ಯೂಟರ್ ಹಾಕಿ, ಪರದೆಯ ಮೇಲೆ ಶಾಖದ ಅಂಕಿ ಏರುವುದನ್ನು ನೋಡಿದಳು. ಆಮೇಲೆ ಪೆಟ್ಟಿಗೆಯತ್ತ ನೋಡಿದಳು. ಗಾಳಿ ಒಳಗೆ ಹೋಗುವ ಮುಂಭಾಗಕ್ಕೂ, ಬಿಸಿಗಾಳಿ ಹೊರಡುವ ಮೇಲ್ಭಾಗಕ್ಕೂ ಸೇರಿಸಿ ಮೂರು ಸುತ್ತು ಹಾರ. ಜಾಲರಿಯ ಸಂದಿಯಲ್ಲೆಲ್ಲ ವಿಭೂತಿ ಮೆತ್ತಿತ್ತು.

ನನಗೂ ಆಗ ಹೊಳೆಯಿತು. ಅವಳ ಅಪ್ಪನ ಹೆಜ್ಜೆ ಮೆಟ್ಟಿಲ ಮೇಲೆ ಕೇಳುತ್ತಿತ್ತು. "ಸ್ವಲ್ಪ ಸ್ಪೀಡ್ ಇಳಿಸ್ಬಿಡಮ್ಮ" ಎಂದು ಪಿಸುಗುಟ್ಟಿದೆ. "ಅಷ್ಟು ಬಿಸಿ ಆಗಲ್ಲ, ಓಡತ್ತೆ. ಯಜಮಾನ್ರಿಗೂ ಬೇಜಾರಾಗಲ್ಲ."

"ಇಳ್ಸಲ್ಲ" ಅಂದಳು. ಬಾಗಿಲಿಗೆ ಬಂದ ಅಪ್ಪನ ಕಡೆ ತಿರುಗಿ ನೇರವಾಗಿ ಹೇಳಿದಳು: "ಅಪ್ಪ, ನನ್ ಸೆಟ್ಟಿಂಗ್ ಸರಿಯಾಗೇ ಇದೆ. ನೀವ್ ಹಾಕಿರೋ ಹಾರದಿಂದ ಇದಕ್ಕೆ ಉಸಿರು ಕಟ್ಟಿದೆ. ತೆಗೀಬೇಕು."

ಪೂಜೆಯಿಂದ ಕೆಟ್ಟಿತು ಅಂತ ಆ ಮನುಷ್ಯನಿಗೆ, ಅದೂ ಬಾಡಿಗೆದಾರನ ಎದುರಿಗೆ! ದೊಡ್ಡಮುನಿಯಪ್ಪನವರು ಹತ್ತಿರ ಬಂದು ಹೂವಿನ ಕೆಳಗೆ ಅಂಗೈ ತೂರಿಸಿದರು, ಸುಟ್ಟವರ ಹಾಗೆ ಹಿಂದಕ್ಕೆ ಎಳೆದುಕೊಂಡರು.

"ಅಯ್ಯೋ ಇವ್ನ" ಅಂದರು. "ತೋಟದಾಗೆ ಮೋಟ್ರ್ ಮ್ಯಾಲೆ ಟವಲ್ ಒಣಗಾಕಿದ್ದ ಅಂತ ಆಳು ಲಕ್ಕಣ್ಣಂಗೆ ನಾನು ಎಂಗ್ ಬೈದಿದ್ದೆ! ಈಗ ನಾನೇ ಇಂಗ್ ಮಾಡಿವ್ನಲ್ಲ." ಆಮೇಲೆ ದನಿ ತಗ್ಗಿಸಿದರು. "ಬ್ಯಾರೆಯವರ್ಗೆಲ್ಲ ಒಂದೊಂದು ಸುತ್ತು ಆಕ್ದೆ ಕಣವ್ವ. ಇದು ನೀನು ರೆಡಿ ಮಾಡಿರೋ ಮಿಷಿನ್ನು ಅಂತ ಮೂರು ಸುತ್ತು ಆಕ್ದೆ."

ನಯನಾ ಕಣ್ಣು ತುಂಬಿಕೊಂಡು ಜಾಲರಿ ಒರೆಸಲು ಬಟ್ಟೆ ತೆಗೆದಳು. ದೊಡ್ಡಮುನಿಯಪ್ಪನವರು ಕೈ ಮುಗಿದು, ಹಾರವನ್ನು ಒಂದು ದಳವೂ ಉದುರದಂತೆ ತಾವೇ ಬಿಚ್ಚಿಕೊಂಡರು. ನಯನಾ ವಿಭೂತಿಯನ್ನೆಲ್ಲ ಒರೆಸಿ ತೆಗೆದಳು. ಕಂಪ್ಯೂಟರ್ ಅದೇ ವೇಗದಲ್ಲಿ ಓಡಿ ಕೆಲಸ ಮುಗಿಸಿತು. ಸಂಜೆ ಛತ್ರದಲ್ಲಿ ನನ್ನ ಮಾನ ಉಳಿಯಿತು.

ಅದಕ್ಕೂ ಮೊದಲು ಇನ್ನೊಂದು ನಡೆಯಿತು. ಯಜಮಾನರು ಹಾರ ಹಿಡಿದು ಕೆಳಗಿಳಿದಾಗ ಬಾಲರಾಜು ಎದ್ದು ನಿಂತು, "ಷಟರ್ ಯಾವಾಗ ಎಳೀತೀರಾ?" ಎಂದು ಕೇಳಿದರು. ದೊಡ್ಡಮುನಿಯಪ್ಪನವರು ನಯನಾಳ ಅಂಗಡಿಯ ಮುಂದೆ ಸ್ಟೂಲ್ ಎಳೆದುಕೊಂಡು ಹತ್ತಿದರು. ಮೇಲಕ್ಕೆ ಸುತ್ತಿದ್ದ ಷಟರಿನ ಹಿಡಿಗೂ ಪಕ್ಕದ ಕಂಬಿಗೂ ಸೇರಿಸಿ ಆ ಹಾರವನ್ನು ಮೂರು ಸುತ್ತು ಬಿಗಿಯಾಗಿ ಕಟ್ಟಿದರು.

"ಪೂಜೆ ಊವು" ಅಂದರು ಇಳಿಯುತ್ತ. "ಒಣಗಿ ಬೀಳಗಂಟ ಯಾರೂ ಎಳೆಯಂಗಿಲ್ಲ. ನಾನೂವೆ."

"ಸರಿ ಹೋಯ್ತು, ರಾತ್ರಿ ಅಂಗಡಿಗೆ ಹೆಂಗಪ್ಪ ಬೀಗ ಹಾಕ್ಲಿ?" ಅಂದಳು ನಯನಾ.

"ಒಳಗಡೆ ಗಾಜಿನ ಬಾಗ್ಲಿಲ್ವಾ? ಅದಕ್ಕಾಕು."

ಹಾರದಲ್ಲಿ ಈಗ ಚೆಂಡುಹೂವು ಒಂದೂ ಉಳಿದಿಲ್ಲ, ಒಣಗಿದ ದಾರ ಮಾತ್ರ ಇದೆ. ಅದನ್ನು ಬಿಚ್ಚುವುದಕ್ಕೆ ದೊಡ್ಡಮುನಿಯಪ್ಪನವರು ಇನ್ನೂ ಯಾರಿಗೂ ಬಿಟ್ಟಿಲ್ಲ.