ತಾನಾಗಿ ಉರುಳಿದ ಪೆಟ್ಟಿಗೆ

ಸೂಟ್‌ಕೇಸ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ‘ಚಕ್ರದಕ್ಕ’ ಎನ್ನುತ್ತಿದ್ದರು. ದೊಡ್ಡವರು ಎಳೆದರೆ ಮಕ್ಕಳು ಮೇಲೆ ಕೂತು ಸಾಗುವಂಥ ಪೆಟ್ಟಿಗೆಯನ್ನು ರೂಪಿಸಿದವಳು ಅವಳೇ. ಮುಟ್ಟಿದರೆ ಸಾಕು, ಚಕ್ರ ಉರುಳಬೇಕೆಂಬುದು ಅವಳ ಹಟ. ಪರೀಕ್ಷೆಯೆಲ್ಲ ನಡೆದದ್ದು ಕಾರ್ಖಾನೆಯ ಸಮತಟ್ಟಾದ ನೆಲದ ಮೇಲೆ.

ಪೆಟ್ಟಿಗೆಗಳ ಮೊದಲ ಲಾರಿ ಅಂಗಡಿಗಳಿಗೆ ಹೊರಟ ಮರುದಿನ ಅವಳು ಮಗಳನ್ನು ಅಂಥದೇ ಪೆಟ್ಟಿಗೆಯ ಮೇಲೆ ಕೂರಿಸಿ ರೈಲು ನಿಲ್ದಾಣಕ್ಕೆ ಕರೆತಂದಳು. ಟಿಕೆಟ್ ಹುಡುಕಲೆಂದು ಹಿಡಿಯನ್ನು ಬಿಟ್ಟಳು.

“ಅಮ್ಮಾ, ನೋಡೇ! ನಾನು ತಳ್ತಾನೇ ಇಲ್ಲ, ಅದೇ ಹೋಗ್ತಿದೆ!” ಎಂದು ಮಗಳು ನಕ್ಕಳು.

ಪ್ಲಾಟ್‌ಫಾರಂ ಹಳಿಗಳ ಕಡೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರಾಗಿತ್ತು. ಅವಳು ಓಡಿ, ಅಂಚಿನಲ್ಲಿ ಮಗಳ ತೋಳು ಹಿಡಿದೆಳೆದಳು. ಪೆಟ್ಟಿಗೆ ಹಳಿಯ ಮೇಲೆ ಬಿತ್ತು.

ಅಲ್ಲಿಂದಲೇ ಕಾರ್ಖಾನೆಯ ಯಜಮಾನರಿಗೆ ಫೋನ್ ಮಾಡಿದಳು. “ಸಾರ್, ಮಾರಾಟ ನಿಲ್ಲಿಸಿ. ಅದಕ್ಕೆ ಬ್ರೇಕ್ ಬೇಕು.”

“ಇನ್ನೆಲ್ಲಿ ನಿಲ್ಲಿಸ್ಲಮ್ಮಾ? ಒಂದೂ ಉಳಿದಿಲ್ಲ. ನಾಳೆಯಿಂದ ಶಾಲೆಗೆ ರಜಾ ಅಲ್ವಾ, ಊರಿಗೆ ಊರೇ ಸ್ಟೇಷನ್ನಲ್ಲಿರುತ್ತೆ!”